ಗಿಟ್‌ನಲ್ಲಿ ನಮ್ಮದೇ ಎಸ್‌ಎಸ್‌ಎಚ್ ಕಮಾಂಡ್ ಕೈಕೊಟ್ಟಾಗ: ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಒಂದೇ ಕಂಪ್ಯೂಟರ್, ಎರಡು ಖಾತೆ. ಕೆಲಸದ ರೆಪೊಗೆ (ಗಿಟ್ ನೋಡಿಕೊಳ್ಳುವ ಕೋಡ್ ಸಂಗ್ರಹಕ್ಕೆ) ಒಂದು ಕೀ, ಸ್ವಂತ ರೆಪೊಗೆ ಇನ್ನೊಂದು ಕೀ. ಕೀ ಅಂದರೆ ಎಸ್‌ಎಸ್‌ಎಚ್ ಎನ್ನುವ ಸುರಕ್ಷಿತ ಸಂಪರ್ಕದಲ್ಲಿ ಪಾಸ್‌ವರ್ಡ್ ಬದಲು ನಿಮ್ಮನ್ನು ಗುರುತಿಸುವ ಫೈಲ್. ಇಂಥ ಕಡೆ ಗಿಟ್‌ನ ಕೋರ್.ಎಸ್‌ಎಸ್‌ಎಚ್‌ಕಮಾಂಡ್ ಸೆಟ್ಟಿಂಗ್ ತುಂಬಾ ಉಪಯೋಗಕ್ಕೆ ಬರುತ್ತದೆ. "ಈ ರೆಪೊದಲ್ಲಿ ಈ ಕೀ ಬಳಸು" ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಸಾಲು ಬರೆಯುತ್ತೇವೆ, ಪುಶ್ ಮಾಡುತ್ತೇವೆ (ಕೋಡನ್ನು ಸರ್ವರ್‌ಗೆ ಕಳಿಸುತ್ತೇವೆ), ಪರದೆ ಮೇಲೆ "ಪರ್ಮಿಷನ್ ಡಿನೈಡ್" ಬಂದು ಕೂರುತ್ತದೆ.

ಆಗ ಎಲ್ಲರೂ ಮಾಡುವುದು ಒಂದೇ. ಸೆಟ್ಟಿಂಗ್ ಇನ್ನೊಮ್ಮೆ ಬರೆಯುವುದು. ಕೀ ಹೊಸದಾಗಿ ಮಾಡುವುದು. ಸರ್ವರ್‌ಗೆ ಮತ್ತೆ ಸೇರಿಸುವುದು. ಒಂದೊಂದು ಸಲ ಹೀಗೆ ಸರಿಹೋಗುತ್ತದೆ, ಆದರೆ ಏನು ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ವಾರ ಅದೇ ಕಥೆ.

ನಾನು ಹೇಳುವುದು ಇಷ್ಟೇ: ಏನನ್ನೂ ಬದಲಿಸುವ ಮೊದಲು, ಗಿಟ್ ನಿಜವಾಗಿ ಯಾವ ಕಮಾಂಡ್ ಓಡಿಸಿತು ಅಂತ ಕಣ್ಣಾರೆ ನೋಡಿ. ನಾವು ಬರೆದದ್ದು ಒಂದು, ಓಡಿದ್ದು ಇನ್ನೊಂದು ಆಗಿರುವುದೇ ಜಾಸ್ತಿ. ಕೆಳಗಿನ ಹಂತಗಳೆಲ್ಲ ಆ ವ್ಯತ್ಯಾಸ ಎಲ್ಲಿ ಹುಟ್ಟಿತು ಅಂತ ಹುಡುಕುವ ದಾರಿಗಳು.

ಓದುವ ಮೊದಲು ಒಂದು ವಿಷಯ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಗಿಟ್_ ಅಂತ ಶುರುವಾಗಿ ನಡುವೆ ಅಡಿಗೆರೆ ಇರುವ ಹೆಸರುಗಳು ಪರಿಸರ ವೇರಿಯಬಲ್‌ಗಳು, ಅಂದರೆ ಶೆಲ್ (ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮ್) ತಾನು ಓಡಿಸುವ ಪ್ರೋಗ್ರಾಮ್‌ಗಳಿಗೆ ದಾಟಿಸುವ ಸೆಟ್ಟಿಂಗ್‌ಗಳು. ಅವು ಪೂರ್ತಿ ದೊಡ್ಡಕ್ಷರದಲ್ಲಿ ಇರಬೇಕು.

ಹಂತ 1: ರಿಮೋಟ್ ನಿಜಕ್ಕೂ ಎಸ್‌ಎಸ್‌ಎಚ್ ವಿಳಾಸವೇ?

ಸುಲಭದ ಪ್ರಶ್ನೆ, ಆದರೆ ಇದನ್ನು ಬಿಟ್ಟು ಮುಂದೆ ಹೋಗಬೇಡಿ. ರಿಮೋಟ್ ವಿಳಾಸ (ಸರ್ವರ್‌ನಲ್ಲಿರುವ ರೆಪೊದ ವಿಳಾಸ) ಎಚ್‌ಟಿಟಿಪಿಎಸ್ ಅಂತ ಶುರುವಾಗಿದ್ದರೆ ಎಸ್‌ಎಸ್‌ಎಚ್ ಸೆಟ್ಟಿಂಗ್‌ಗಳನ್ನು ಗಿಟ್ ತಿರುಗಿಯೂ ನೋಡುವುದಿಲ್ಲ. ಎಚ್ಚರಿಕೆಯನ್ನೂ ಕೊಡುವುದಿಲ್ಲ. ಪಾಸ್‌ವರ್ಡ್ ಅಥವಾ ಟೋಕನ್ ಕೇಳುತ್ತಿದೆ ಅಂದರೆ ಬಹುಪಾಲು ಇದೇ ಕಾರಣ.

    ಗಿಟ್ ರಿಮೋಟ್ -ವಿ

ಇದರ ಜೊತೆಗೆ ಇನ್ನೊಂದನ್ನೂ ಓಡಿಸಿ:

    ಗಿಟ್ ಎಲ್‌ಎಸ್-ರಿಮೋಟ್ --ಗೆಟ್-ಯುಆರ್‌ಎಲ್ ಆರಿಜಿನ್

ಇದು ಸರ್ವರ್‌ಗೆ ಹೋಗುವುದಿಲ್ಲ. ಕಾನ್ಫಿಗ್‌ನಲ್ಲಿ (ಗಿಟ್ ಸೆಟ್ಟಿಂಗ್‌ಗಳ ಫೈಲಿನಲ್ಲಿ) ಇನ್‌ಸ್ಟೆಡ್‌ಆಫ್ ನಿಯಮ ಏನಾದರೂ ಇದ್ದರೆ, ಅದು ವಿಳಾಸವನ್ನು ಬದಲಿಸಿದ ಮೇಲೆ ಕೊನೆಗೆ ಉಳಿಯುವ ವಿಳಾಸವನ್ನು ತೋರಿಸುತ್ತದೆ. ಯಾವತ್ತೋ ಯಾರೋ ಕೊಟ್ಟ ಸೆಟಪ್ ಸ್ಕ್ರಿಪ್ಟ್ ಅಂಥ ನಿಯಮ ಬರೆದಿರಬಹುದು. ಪುಶ್‌ಗೆ ಮಾತ್ರ ಬೇರೆ ವಿಳಾಸ ಇರುವುದೂ ಉಂಟು. ಹಾಗಾಗಿ ಫೆಚ್ (ಸರ್ವರ್‌ನಿಂದ ತರುವುದು) ಸರಿಯಾಗಿ, ಪುಶ್ ಮಾತ್ರ ಹಾಳಾಗುತ್ತಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ನೋಡಿ.

ಹಂತ 2: ನಾಲ್ಕು ಜಾಗಗಳಲ್ಲಿ ಯಾವುದು ಗೆದ್ದಿತು?

ಎಸ್‌ಎಸ್‌ಎಚ್ ಕಮಾಂಡನ್ನು ಗಿಟ್ ನಾಲ್ಕು ಜಾಗಗಳಲ್ಲಿ ಹುಡುಕುತ್ತದೆ. ಮೊದಲು ಗಿಟ್_ಎಸ್‌ಎಸ್‌ಎಚ್_ಕಮಾಂಡ್ ಎಂಬ ಪರಿಸರ ವೇರಿಯಬಲ್. ಅದಿಲ್ಲದಿದ್ದರೆ ಕೋರ್.ಎಸ್‌ಎಸ್‌ಎಚ್‌ಕಮಾಂಡ್. ಅದೂ ಇಲ್ಲದಿದ್ದರೆ ಹಳೆಯ ಗಿಟ್_ಎಸ್‌ಎಸ್‌ಎಚ್ ವೇರಿಯಬಲ್. ಯಾವುದೂ ಇಲ್ಲದಿದ್ದರೆ ಬರೀ ಎಸ್‌ಎಸ್‌ಎಚ್. ಮೊದಲು ಸಿಕ್ಕಿದ್ದೇ ಗೆಲ್ಲುತ್ತದೆ. ಉಳಿದವು ಇದ್ದೂ ಇಲ್ಲದ ಹಾಗೆ.

ಈ ಮೂರು ಹೆಸರುಗಳು ಒಟ್ಟಿಗೆ ಹುಟ್ಟಿದವಲ್ಲ. ಗಿಟ್_ಎಸ್‌ಎಸ್‌ಎಚ್ ಹಳೆಯದು. ಅದಕ್ಕೆ ಒಂದು ಪ್ರೋಗ್ರಾಮಿನ ಹೆಸರನ್ನು ಮಾತ್ರ ಕೊಡಬಹುದು, ಆಯ್ಕೆಗಳನ್ನು ಸೇರಿಸುವ ಹಾಗಿಲ್ಲ. ಅದರಲ್ಲಿ "ಎಸ್‌ಎಸ್‌ಎಚ್ -ಐ ಕೀ" ಅಂತ ಬರೆದರೆ, ಅಷ್ಟೂ ಸೇರಿ ಒಂದೇ ಫೈಲಿನ ಹೆಸರು ಅಂತ ಗಿಟ್ ತಿಳಿಯುತ್ತದೆ. ಅಂಥ ಫೈಲ್ ಇಲ್ಲ ಅಂತ ದೂರುತ್ತದೆ. ಆಯ್ಕೆಗಳನ್ನೂ ಒಪ್ಪುವ ಗಿಟ್_ಎಸ್‌ಎಸ್‌ಎಚ್_ಕಮಾಂಡ್ ಬಂದದ್ದು 2015ರ ಗಿಟ್ 2.3ರಲ್ಲಿ. ಕಾನ್ಫಿಗ್ ಸೆಟ್ಟಿಂಗ್ ಬಂದದ್ದು 2016ರ ಗಿಟ್ 2.10ರಲ್ಲಿ. ಹಳೆಯ ಸರ್ವರ್‌ಗಳಲ್ಲಿ 2.10ಕ್ಕಿಂತ ಹಿಂದಿನ ಗಿಟ್ ಇನ್ನೂ ಸಿಕ್ಕುತ್ತದೆ. ಅಲ್ಲಿ ನೀವು ಬರೆದ ಸೆಟ್ಟಿಂಗ್ ಸುಮ್ನೆ ಕೂತಿರುತ್ತದೆ ಅಷ್ಟೇ. ಗಿಟ್ --ವರ್ಷನ್ ಓಡಿಸಿ ನೋಡಿಕೊಳ್ಳಿ.

ಈಗ ಪರಿಸರ ವೇರಿಯಬಲ್‌ಗಳನ್ನು ನೋಡೋಣ:

    ಎನ್ವಿ | ಗ್ರೆಪ್ ಗಿಟ್_ಎಸ್‌ಎಸ್‌ಎಚ್

ಏನೂ ಬರದಿದ್ದರೆ ಒಳ್ಳೆಯದು. ಬಂದರೆ, ಅದು ಎಲ್ಲಿಂದ ಬಂತು ಅಂತ ಹುಡುಕಿ. ನಾನೊಮ್ಮೆ ಅರ್ಧ ದಿನ ಕೋರ್.ಎಸ್‌ಎಸ್‌ಎಚ್‌ಕಮಾಂಡ್ ತಿದ್ದುತ್ತಾ ಕೂತಿದ್ದೆ. ಕಾರಣ ಶೆಲ್‌ನ ಆರಂಭದ ಫೈಲಿನಲ್ಲಿ, ಹಿಂದಿನ ವರ್ಷ ಒಂದು ಪರೀಕ್ಷೆಗಾಗಿ ಹಾಕಿದ್ದ ಎಕ್ಸ್‌ಪೋರ್ಟ್ ಸಾಲು. ಅದು ಪ್ರತಿ ಸಲವೂ ಕಾನ್ಫಿಗ್ ಅನ್ನು ಮೀರಿ ನಿಲ್ಲುತ್ತಿತ್ತು. ಅಂದಿನಿಂದ ಈ ಸಾಲನ್ನೇ ಮೊದಲು ಓಡಿಸುತ್ತೇನೆ. ಸಿಕ್ಕಿದ ವೇರಿಯಬಲ್ ಬೇಡವಾದರೆ ಅನ್‌ಸೆಟ್ ಮಾಡಿ, ಮೂಲ ಫೈಲಿನಿಂದಲೂ ತೆಗೆಯಿರಿ.

ಆಮೇಲೆ ಕಾನ್ಫಿಗ್:

    ಗಿಟ್ ಕಾನ್ಫಿಗ್ --ಶೋ-ಆರಿಜಿನ್ --ಗೆಟ್-ಆಲ್ ಕೋರ್.ಎಸ್‌ಎಸ್‌ಎಚ್‌ಕಮಾಂಡ್

ಯಾವ ಫೈಲಿನಲ್ಲಿ ಯಾವ ಬೆಲೆ (ವ್ಯಾಲ್ಯೂ) ಇದೆ ಅಂತ ಸಾಲಾಗಿ ಬರುತ್ತದೆ. ಕೊನೆಯ ಸಾಲೇ ಲೆಕ್ಕಕ್ಕೆ. ಗಿಟ್ 2.26 ಅಥವಾ ಹೊಸದಾಗಿದ್ದರೆ --ಶೋ-ಸ್ಕೋಪ್ ಕೂಡ ಸೇರಿಸಿ. ಆಗ ಅದು ಇಡೀ ಯಂತ್ರದ್ದೋ, ನಿಮ್ಮ ಖಾತೆಯದ್ದೋ, ಈ ರೆಪೊದ್ದೋ ಅಂತಲೂ ತಿಳಿಯುತ್ತದೆ.

ಏನೂ ಬರಲಿಲ್ಲವೇ? ಹಾಗಾದರೆ ಹೆಸರಿನ ಕಾಗುಣಿತ ನೋಡಿ. ಈ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಭೇದ ಇಲ್ಲ. ಆದರೆ ಒಂದು ಅಕ್ಷರ ಬಿಟ್ಟರೆ, ಅಥವಾ ಎಸ್‌ಎಸ್‌ಎಚ್ ಮತ್ತು ಕಮಾಂಡ್ ನಡುವೆ ಹೈಫನ್ ಹಾಕಿದರೆ, ಗಿಟ್ ಅದನ್ನೂ ಮರುಮಾತಿಲ್ಲದೆ ಬರೆದಿಟ್ಟುಕೊಳ್ಳುತ್ತದೆ. ತನಗೆ ಗೊತ್ತಿಲ್ಲದ ಹೆಸರು ಅಂತ ಅದು ಹೇಳುವುದಿಲ್ಲ.

ಹಂತ 3: ಓಡಿದ ಕಮಾಂಡನ್ನು ಕಣ್ಣಾರೆ ನೋಡಿ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

    ಗಿಟ್_ಟ್ರೇಸ್=1 ಗಿಟ್ ಫೆಚ್

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಾದರೆ ಮೊದಲು ಸೆಟ್ ಗಿಟ್_ಟ್ರೇಸ್=1 ಅಂತ ಕೊಟ್ಟು, ಮುಂದಿನ ಸಾಲಿನಲ್ಲಿ ಫೆಚ್ ಮಾಡಿ. ಬರುವ ಸಾಲುಗಳಲ್ಲಿ ರನ್_ಕಮಾಂಡ್ ಅಂತ ಇರುವುದನ್ನು ಹುಡುಕಿ. ಅದರಲ್ಲಿ ನಿಮ್ಮ ಎಸ್‌ಎಸ್‌ಎಚ್ ಕಮಾಂಡ್, ಸರ್ವರ್ ಹೆಸರು, ಕೊನೆಗೆ ಗಿಟ್-ಅಪ್‌ಲೋಡ್-ಪ್ಯಾಕ್ ಮತ್ತು ರೆಪೊ ದಾರಿ (ಪಾತ್) ಕಾಣುತ್ತದೆ. ಪುಶ್ ಆದರೆ ಗಿಟ್-ರಿಸೀವ್-ಪ್ಯಾಕ್. ಗಿಟ್ ಓಡಿಸಿದ್ದು ಅದನ್ನೇ.

ಈ ಸಾಲನ್ನು ಎರಡು ಭಾಗ ಮಾಡಿ ಓದಿ. ನೀವು ಬರೆದ ಕಮಾಂಡ್ ಅಲ್ಲಿ ಇದೆಯೇ? ಇಲ್ಲದಿದ್ದರೆ ಹಂತ 2ಕ್ಕೆ ಹಿಂದಿರುಗಿ; ಬೇರೆ ಯಾವುದೋ ಗೆದ್ದಿದೆ. ಇದೆ, ಆದರೆ ದಾರಿ ತುಂಡಾಗಿದೆ, ಸ್ಲ್ಯಾಶ್‌ಗಳು ಮಾಯವಾಗಿವೆ ಅನ್ನಿಸಿದರೆ ಹಂತ 4. ಎಲ್ಲ ಸರಿಯಾಗಿಯೇ ಕಾಣುತ್ತಿದೆ, ಆದರೂ ಸರ್ವರ್ ಒಪ್ಪುತ್ತಿಲ್ಲ ಅಂದರೆ ಹಂತ 5.

"ಕುಡ್ ನಾಟ್ ರೀಡ್ ಫ್ರಮ್ ರಿಮೋಟ್ ರೆಪಾಸಿಟರಿ" ಎನ್ನುವ ಸಂದೇಶಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಎಸ್‌ಎಸ್‌ಎಚ್ ಯಾವ ಕಾರಣಕ್ಕೆ ಸತ್ತರೂ ಗಿಟ್ ಇದನ್ನೇ ಹೇಳುತ್ತದೆ. ನಿಜವಾದ ಕಾರಣ ಅದರ ಮೇಲಿನ ಒಂದೆರಡು ಸಾಲುಗಳಲ್ಲಿ ಇರುತ್ತದೆ. ಸಹಾಯ ಕೇಳುವಾಗ ಹಲವರು ಕೊನೆಯ ಸಾಲನ್ನು ಮಾತ್ರ ಕಳಿಸುತ್ತಾರೆ. ಮೇಲಿನ ಸಾಲು ಇಲ್ಲದೆ ಯಾರಿಗೂ ಉತ್ತರ ಹೇಳಲು ಆಗುವುದಿಲ್ಲ.

ಹಂತ 4: ಕೋಟ್ ಗುರುತು, ಖಾಲಿ ಜಾಗ, ಸ್ಲ್ಯಾಶ್

ಕೋರ್.ಎಸ್‌ಎಸ್‌ಎಚ್‌ಕಮಾಂಡ್ ಆಗಲಿ, ಗಿಟ್_ಎಸ್‌ಎಸ್‌ಎಚ್_ಕಮಾಂಡ್ ಆಗಲಿ, ಅದರ ಬೆಲೆಯನ್ನು ಗಿಟ್ ಶೆಲ್‌ಗೆ ಒಪ್ಪಿಸುತ್ತದೆ. ಅದರಿಂದಲೇ ಆಯ್ಕೆಗಳನ್ನು ಬರೆಯಲು ಸಾಧ್ಯ. ಅದರಿಂದಲೇ ಈ ತೊಂದರೆಗಳೂ ಹುಟ್ಟುತ್ತವೆ.

ಎರಡು ಸಲ ಶೆಲ್ ಕೈಗೆ ಹೋಗುತ್ತದೆ ಅಂತ ನೆನಪಿಡಿ. ಗಿಟ್ ಕಾನ್ಫಿಗ್ ಅಂತ ಟೈಪ್ ಮಾಡುವಾಗ ನಿಮ್ಮ ಶೆಲ್ ಒಂದು ಪದರ ಕೋಟ್ ತಿನ್ನುತ್ತದೆ. ಆಮೇಲೆ ಫೆಚ್ ಮಾಡುವಾಗ ಗಿಟ್ ಎಬ್ಬಿಸಿದ ಶೆಲ್ ಇನ್ನೊಂದು ಪದರ ತಿನ್ನುತ್ತದೆ. ದಾರಿಯಲ್ಲಿ ಖಾಲಿ ಜಾಗ ಇಲ್ಲದಿದ್ದರೆ ಒಂದು ಪದರ ಸಾಕು:

    ಗಿಟ್ ಕಾನ್ಫಿಗ್ ಕೋರ್.ಎಸ್‌ಎಸ್‌ಎಚ್‌ಕಮಾಂಡ್ "ಎಸ್‌ಎಸ್‌ಎಚ್ -ಐ ~/.ಎಸ್‌ಎಸ್‌ಎಚ್/ಕೆಲಸದ_ಕೀ"

ಖಾಲಿ ಜಾಗ ಇದ್ದರೆ ಒಳಗೊಂದು, ಹೊರಗೊಂದು ಬೇಕು:

    ಗಿಟ್ ಕಾನ್ಫಿಗ್ ಕೋರ್.ಎಸ್‌ಎಸ್‌ಎಚ್‌ಕಮಾಂಡ್ 'ಎಸ್‌ಎಸ್‌ಎಚ್ -ಐ "/ಡೇಟಾ/ನನ್ನ ಕೀಗಳು/ಕೆಲಸದ_ಕೀ"'

ಬರೆದ ತಕ್ಷಣ --ಗೆಟ್ ಹಾಕಿ ವಾಪಸ್ ಓದಿ. ಹೊರಗಿನ ಕೋಟ್ ಹೋಗಿ ಒಳಗಿನದು ಉಳಿದಿರಬೇಕು.

ಕಾನ್ಫಿಗ್ ಫೈಲನ್ನು ಎಡಿಟರ್‌ನಲ್ಲಿ ತೆರೆದು ಕೈಯಿಂದ ಬರೆಯುವವರಿಗೆ ಮೂರನೆಯ ಪದರವೂ ಇದೆ. ಫೈಲಿನಲ್ಲಿ ಬೆಲೆಯ ಸುತ್ತ ಅಥವಾ ನಡುವೆ ಇರುವ ಡಬಲ್ ಕೋಟ್‌ಗಳನ್ನು ಗಿಟ್ ಓದುವಾಗಲೇ ತೆಗೆದುಹಾಕುತ್ತದೆ. ನೀವು ಚೆನ್ನಾಗಿಯೇ ಕೋಟ್ ಹಾಕಿರುತ್ತೀರಿ, ಶೆಲ್‌ಗೆ ತಲುಪುವ ಹೊತ್ತಿಗೆ ಅದು ಇರುವುದಿಲ್ಲ. ಉಳಿಯಬೇಕೆಂದರೆ ಪ್ರತಿ ಡಬಲ್ ಕೋಟ್‌ನ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಬೇಕು. ಹ್ಯಾಶ್ ಅಥವಾ ಅರ್ಧವಿರಾಮ ಚಿಹ್ನೆ ಕೋಟ್ ಹೊರಗೆ ಬಂದರೆ ಅಲ್ಲಿಂದ ಮುಂದಿನದೆಲ್ಲ ಟಿಪ್ಪಣಿ ಆಗಿಬಿಡುತ್ತದೆ. ಹಾಗಾಗಿ ಈ ಒಂದು ಸೆಟ್ಟಿಂಗ್‌ಗೆ ಎಡಿಟರ್ ಬೇಡ. ಗಿಟ್ ಕಾನ್ಫಿಗ್ ಕಮಾಂಡಿನಿಂದಲೇ ಬರೆಸಿ, ಬೇಕಾದ ಬ್ಯಾಕ್‌ಸ್ಲ್ಯಾಶ್‌ಗಳನ್ನು ಅದೇ ಹಾಕಿಕೊಳ್ಳುತ್ತದೆ.

ಬ್ಯಾಕ್‌ಸ್ಲ್ಯಾಶ್ ವಿಂಡೋಸ್‌ನಲ್ಲಿ ಇನ್ನೂ ತೊಂದರೆ ಕೊಡುತ್ತದೆ. ಗಿಟ್ ಬಳಸುವ ಶೆಲ್‌ಗೆ ಅದು ಫೋಲ್ಡರ್ ಗುರುತಲ್ಲ, ಮುಂದಿನ ಅಕ್ಷರಕ್ಕೆ ಸೇರಿದ ವಿಶೇಷ ಗುರುತು. ಸಿ ಡ್ರೈವಿನ ದಾರಿ ಕೊಟ್ಟರೆ ಸ್ಲ್ಯಾಶ್‌ಗಳೆಲ್ಲ ಉದುರಿ ಹೆಸರುಗಳು ಅಂಟಿಕೊಂಡು ನಿಲ್ಲುತ್ತವೆ. ಪರಿಹಾರ ಸರಳ. ವಿಂಡೋಸ್ ದಾರಿಯನ್ನೂ ಮುಂದಕ್ಕೆ ಬಾಗಿದ ಸ್ಲ್ಯಾಶ್‌ನಲ್ಲೇ ಬರೆಯಿರಿ. ಪ್ರೋಗ್ರಾಮ್ ಫೈಲ್ಸ್ ಒಳಗಿನ ದಾರಿಯಾದರೆ ಹೊರಗೆ ಡಬಲ್ ಕೋಟ್, ಒಳಗೆ ಸಿಂಗಲ್ ಕೋಟ್. ಇದನ್ನು ತಿರುವುಮುರುವು ಮಾಡಬೇಡಿ. ಕಮಾಂಡ್ ಪ್ರಾಂಪ್ಟ್‌ಗೆ ಸಿಂಗಲ್ ಕೋಟ್ ಅಂದರೆ ಬರೀ ಒಂದು ಅಕ್ಷರ.

ಹಂತ 5: ಕಮಾಂಡ್ ಸರಿ, ಆದರೆ ಕೀ ಬೇರೆ

ನನ್ನ ಪ್ರಕಾರ ಜನ ಹೆಚ್ಚು ಹೊತ್ತು ಕಳೆದುಕೊಳ್ಳುವುದು ಇಲ್ಲಿ. -ಐ ಹಾಕಿ ಕೀ ಕೊಟ್ಟಿದ್ದೇವೆ, ಟ್ರೇಸ್‌ನಲ್ಲೂ ಅದೇ ಕಾಣುತ್ತಿದೆ. ಆದರೂ ಸರ್ವರ್ ಬೇರೆ ಖಾತೆಯ ಹೆಸರು ಹಿಡಿದು ಮಾತಾಡಿಸುತ್ತದೆ. ಅಥವಾ "ರೆಪಾಸಿಟರಿ ನಾಟ್ ಫೌಂಡ್" ಅನ್ನುತ್ತದೆ. ರೆಪೊ ಕಣ್ಣೆದುರೇ ಇದೆ, ಅಲ್ವಾ? ಇದೆ. ಆದರೆ ನೀವು ಯಾವ ಖಾತೆಯಾಗಿ ಒಳಗೆ ಹೋದಿರೋ ಆ ಖಾತೆಗೆ ಅದು ಕಾಣುವುದಿಲ್ಲ. ಗಿಟ್‌ಹಬ್‌ನಂಥ ಕಡೆ ಖಾಸಗಿ ರೆಪೊ ಇದೆ ಎನ್ನುವುದನ್ನೂ ಹೊರಗಿನವರಿಗೆ ಹೇಳುವುದಿಲ್ಲ.

ಏಕೆ ಹೀಗೆ? -ಐ ಅಂದರೆ "ಇದನ್ನು ಮಾತ್ರ ಬಳಸು" ಅಂತ ಅರ್ಥ ಅಲ್ಲ. "ಇದನ್ನೂ ಪಟ್ಟಿಗೆ ಸೇರಿಸು" ಅಂತ ಅರ್ಥ. ಓಪನ್‌ಎಸ್‌ಎಸ್‌ಎಚ್ (ಸಾಮಾನ್ಯವಾಗಿ ಬಳಕೆಯಲ್ಲಿರುವ ಎಸ್‌ಎಸ್‌ಎಚ್ ಪ್ರೋಗ್ರಾಮ್) ಆ ಪಟ್ಟಿಯನ್ನು ತನ್ನದೇ ಕ್ರಮದಲ್ಲಿ ಜೋಡಿಸುತ್ತದೆ. ನೀವು ಹೆಸರಿಸಿದ ಕೀ ಏಜೆಂಟ್‌ನಲ್ಲೂ (ಕೀಗಳನ್ನು ನೆನಪಿನಲ್ಲಿಟ್ಟುಕೊಂಡು ಎಸ್‌ಎಸ್‌ಎಚ್‌ಗೆ ಒದಗಿಸುವ ಪ್ರೋಗ್ರಾಮಿನಲ್ಲೂ) ಇದ್ದರೆ ಅದು ಮೊದಲು. ಆಮೇಲೆ ಏಜೆಂಟ್‌ನಲ್ಲಿರುವ ಉಳಿದ ಕೀಗಳು. ಫೈಲಿನಲ್ಲಿ ಮಾತ್ರ ಇದ್ದು ಏಜೆಂಟ್‌ಗೆ ಸೇರದ ಕೀ ಕೊನೆಗೆ. ಅಂದರೆ ನೀವು -ಐ ಜೊತೆ ಕೊಟ್ಟ ಕೀಯನ್ನು ಏಜೆಂಟ್‌ಗೆ ಸೇರಿಸಿಲ್ಲದಿದ್ದರೆ, ಏಜೆಂಟ್‌ನ ಸ್ವಂತ ಖಾತೆಯ ಕೀ ಮುಂದೆ ಹೋಗುತ್ತದೆ. ಸರ್ವರ್‌ಗೆ ಅದು ಗೊತ್ತಿರುವ ಕೀ. ಬಾಗಿಲು ತೆರೆಯುತ್ತದೆ. ನಿಮ್ಮ ಕೆಲಸದ ಕೀಯ ಸರದಿ ಬರುವುದೇ ಇಲ್ಲ.

ಏಜೆಂಟ್‌ನಲ್ಲಿ ಕೀಗಳು ಜಾಸ್ತಿ ಇದ್ದರೆ ಇನ್ನೊಂದು ರೂಪದಲ್ಲಿ ತೊಂದರೆ ಬರುತ್ತದೆ. ಓಪನ್‌ಎಸ್‌ಎಸ್‌ಎಚ್ ಸರ್ವರ್ ಮೂಲ ಸೆಟ್ಟಿಂಗ್‌ನಲ್ಲಿ ಒಂದು ಸಂಪರ್ಕಕ್ಕೆ 6 ಪ್ರಯತ್ನಗಳನ್ನು ಒಪ್ಪುತ್ತದೆ. ಅಷ್ಟರೊಳಗೆ ಸರಿಯಾದ ಕೀ ಬರದಿದ್ದರೆ "ಟೂ ಮೆನಿ ಅಥೆಂಟಿಕೇಶನ್ ಫೇಲ್ಯೂರ್ಸ್" ಅಂತ ಬಾಗಿಲು ಹಾಕುತ್ತದೆ.

ಎರಡಕ್ಕೂ ಮದ್ದು ಒಂದೇ, ಐಡೆಂಟಿಟೀಸ್‌ಓನ್ಲಿ:

    ಎಸ್‌ಎಸ್‌ಎಚ್ -ಐ ~/.ಎಸ್‌ಎಸ್‌ಎಚ್/ಕೆಲಸದ_ಕೀ -ಒ ಐಡೆಂಟಿಟೀಸ್‌ಓನ್ಲಿ=ಯೆಸ್

ಇದು "ಹೆಸರಿಸಿದ ಕೀಗಳನ್ನು ಬಿಟ್ಟು ಬೇರೆ ಯಾವುದನ್ನೂ ಮುಂದಿಡಬೇಡ" ಎನ್ನುತ್ತದೆ. -ಐ ಬರೆದಾಗಲೆಲ್ಲ ಇದನ್ನೂ ಬರೆಯುವುದು ಅಭ್ಯಾಸವಾಗಲಿ.

ಇಷ್ಟಾದರೂ ಸರಿಹೋಗದಿದ್ದರೆ ನಿಮ್ಮ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲ್ ನೋಡಿ. ಅಲ್ಲಿ ಅದೇ ಸರ್ವರ್‌ಗೆ ಐಡೆಂಟಿಟಿಫೈಲ್ ಸಾಲು ಇದ್ದರೆ, ಅದೂ ಹೆಸರಿಸಿದ ಕೀ ಅಂತಲೇ ಲೆಕ್ಕ. ಉಳಿದ ಆಯ್ಕೆಗಳಲ್ಲಿ ಮೊದಲು ಸಿಕ್ಕಿದ್ದು ಗೆಲ್ಲುತ್ತದೆ. ಐಡೆಂಟಿಟಿಫೈಲ್ ಮಾತ್ರ ಹಾಗಲ್ಲ, ಒಂದರ ಹಿಂದೆ ಒಂದು ಸೇರುತ್ತಾ ಹೋಗುತ್ತದೆ. ಆ ಫೈಲನ್ನು ಪೂರ್ತಿ ಪಕ್ಕಕ್ಕಿಟ್ಟು ಪರೀಕ್ಷಿಸಲು -ಎಫ್ /ಡೆವ್/ನಲ್ ಸೇರಿಸಿ. ಈ ಎಫ್ ದೊಡ್ಡಕ್ಷರ. ಇದನ್ನು ಕೊಟ್ಟಾಗ ಇಡೀ ಯಂತ್ರಕ್ಕೆ ಇರುವ ಎಸ್‌ಎಸ್‌ಎಚ್ ಕಾನ್ಫಿಗ್ ಕೂಡ ಓದುವುದಿಲ್ಲ. ಹೀಗೆ ಮಾಡಿದಾಗ ಸರಿಹೋದರೆ ತಪ್ಪು ಆ ಫೈಲುಗಳಲ್ಲೇ ಇದೆ.

ಯಾವ ಕೀ ಹೋಯಿತು ಅಂತ ಊಹಿಸಬೇಕಿಲ್ಲ. ಎಸ್‌ಎಸ್‌ಎಚ್ ತಾನೇ ಹೇಳುತ್ತದೆ:

    ಗಿಟ್_ಎಸ್‌ಎಸ್‌ಎಚ್_ಕಮಾಂಡ್="ಎಸ್‌ಎಸ್‌ಎಚ್ -ವಿ -ಐ ~/.ಎಸ್‌ಎಸ್‌ಎಚ್/ಕೆಲಸದ_ಕೀ -ಒ ಐಡೆಂಟಿಟೀಸ್‌ಓನ್ಲಿ=ಯೆಸ್" ಗಿಟ್ ಫೆಚ್

ತುಂಬಾ ಸಾಲು ಬರುತ್ತವೆ, ಎಲ್ಲವನ್ನೂ ಓದಬೇಕಿಲ್ಲ. "ರೀಡಿಂಗ್ ಕಾನ್ಫಿಗರೇಶನ್ ಡೇಟಾ" ಅಂತ ಇರುವುದು ಯಾವ ಕಾನ್ಫಿಗ್ ಫೈಲ್ ಓದಿತು ಅಂತ ಹೇಳುತ್ತದೆ. "ಆಫರಿಂಗ್ ಪಬ್ಲಿಕ್ ಕೀ" ಅಂತ ಇರುವುದು ಯಾವ ಕೀ ಮುಂದಿಟ್ಟಿತು ಅಂತ. "ಸರ್ವರ್ ಆಕ್ಸೆಪ್ಟ್ಸ್ ಕೀ" ಅಂತ ಇರುವುದು ಯಾವುದನ್ನು ಒಪ್ಪಿತು ಅಂತ. ಈ ಮೂರು ಸಾಲು ಸಿಕ್ಕರೆ ಈ ಹಂತದ ಬಹುಪಾಲು ಕೇಸುಗಳು ಬಗೆಹರಿಯುತ್ತವೆ. "ಐಡೆಂಟಿಟಿ ಫೈಲ್ ನಾಟ್ ಆಕ್ಸೆಸಿಬಲ್" ಅಂತ ಕಂಡರೆ ಫೈಲಿನ ದಾರಿ ತಪ್ಪು. ಎಸ್‌ಎಸ್‌ಎಚ್ ಅಲ್ಲಿಗೇ ನಿಲ್ಲುವುದಿಲ್ಲ, ಬೇರೆ ಕೀ ಹಿಡಿದು ಮುಂದೆ ಹೋಗುತ್ತದೆ. ಅದಕ್ಕೇ ಇದು ಕಣ್ಣು ತಪ್ಪಿಸುತ್ತದೆ.

ಒಂದು ಅಪರೂಪದ, ಆದರೆ ತಲೆ ಕೆಡಿಸುವ ಕೇಸ್ ಇದೆ. ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಕಂಟ್ರೋಲ್‌ಮಾಸ್ಟರ್ ಹಾಕಿ ಸಂಪರ್ಕವನ್ನು ತೆರೆದಿಟ್ಟುಕೊಂಡಿದ್ದೀರಿ ಅಂದುಕೊಳ್ಳಿ. ಹತ್ತು ನಿಮಿಷದ ಹಿಂದೆ ಸ್ವಂತ ಕೀ ಹಿಡಿದು ಒಳಗೆ ಹೋಗಿದ್ದಿರಿ. ಈಗ ಕೆಲಸದ ಕೀ ಕೊಟ್ಟು ಅದೇ ಸರ್ವರ್‌ಗೆ ಫೆಚ್ ಮಾಡಿದರೆ ಎಸ್‌ಎಸ್‌ಎಚ್ ಹೊಸ ಸಂಪರ್ಕವನ್ನೇ ಮಾಡುವುದಿಲ್ಲ. ತೆರೆದಿರುವ ಹಳೆಯದರಲ್ಲೇ ತೂರಿ ಹೋಗುತ್ತದೆ. ಕೀ ನೋಡುವ ಪ್ರಶ್ನೆಯೇ ಬರುವುದಿಲ್ಲ. -ವಿ ಹಾಕಿದರೂ ಆಫರಿಂಗ್ ಸಾಲು ಕಾಣದಿದ್ದರೆ ಇದನ್ನು ಅನುಮಾನಿಸಿ. -ಒ ಕಂಟ್ರೋಲ್‌ಪಾತ್=ನನ್ ಸೇರಿಸಿದರೆ ಹಂಚಿಕೊಳ್ಳುವುದು ನಿಲ್ಲುತ್ತದೆ.

ಕೀ ಫೈಲಿನ ಅನುಮತಿ ಎಲ್ಲರಿಗೂ ತೆರೆದಿದ್ದರೆ ದೊಡ್ಡ ಚೌಕಟ್ಟು ಹಾಕಿ ಎಸ್‌ಎಸ್‌ಎಚ್ ಎಚ್ಚರಿಸುತ್ತದೆ, ಆ ಕೀಯನ್ನು ಬಳಸುವುದಿಲ್ಲ. ಸಿಎಚ್‌ಮಾಡ್ 600 ಕೊಟ್ಟರೆ ಮುಗಿಯಿತು.

ಹಂತ 6: ಪೋರ್ಟ್ ಮತ್ತು ಎಸ್‌ಎಸ್‌ಎಚ್ ಬಗೆ

ಮಾಮೂಲಿ 22 ಬಿಟ್ಟು ಬೇರೆ ಪೋರ್ಟ್ ಇದ್ದರೆ ವಿಳಾಸದ ರೂಪ ಮುಖ್ಯ. ಸರ್ವರ್ ಹೆಸರು, ಕೋಲನ್, ದಾರಿ ಎನ್ನುವ ಚಿಕ್ಕ ರೂಪದಲ್ಲಿ ಪೋರ್ಟ್‌ಗೆ ಜಾಗವೇ ಇಲ್ಲ. ಕೋಲನ್ ಆದಮೇಲೆ 2222 ಅಂತ ಬರೆದರೆ ಅದು ಫೋಲ್ಡರ್ ಹೆಸರು ಅಂತಾಗುತ್ತದೆ. ಉದ್ದ ರೂಪ ಬಳಸಿ:

    ಎಸ್‌ಎಸ್‌ಎಚ್://ಗಿಟ್@ಸರ್ವರ್:2222/ತಂಡ/ರೆಪೊ.ಗಿಟ್

ಇನ್ನು "ಎಸ್‌ಎಸ್‌ಎಚ್ ವೇರಿಯಂಟ್ ಸಿಂಪಲ್ ಡಸ್ ನಾಟ್ ಸಪೋರ್ಟ್ ಸೆಟ್ಟಿಂಗ್ ಪೋರ್ಟ್" ಎನ್ನುವ ದೋಷ. ನೀವು ಕೊಟ್ಟ ಕಮಾಂಡ್ ಯಾವ ಜಾತಿಯದ್ದು ಅಂತ ಗಿಟ್ ಅದರ ಹೆಸರು ನೋಡಿ ತಿಳಿಯುತ್ತದೆ. ಎಸ್‌ಎಸ್‌ಎಚ್, ಪ್ಲಿಂಕ್, ಟಾರ್ಟಾಯ್ಸ್‌ಪ್ಲಿಂಕ್ (ಕೊನೆಯ ಎರಡು ವಿಂಡೋಸ್‌ನಲ್ಲಿ ಬಳಸುವ ಬೇರೆ ಎಸ್‌ಎಸ್‌ಎಚ್ ಪ್ರೋಗ್ರಾಮ್‌ಗಳು) ಅಂತ ಇದ್ದರೆ ಗುರುತು ಹಿಡಿಯುತ್ತದೆ. ಇದು ಬೇಕಾದದ್ದೇ. ಓಪನ್‌ಎಸ್‌ಎಸ್‌ಎಚ್‌ಗೆ ಪೋರ್ಟ್ ಹೇಳಲು ಸಣ್ಣಕ್ಷರದ -ಪಿ ಬೇಕು, ಪ್ಲಿಂಕ್‌ಗೆ ದೊಡ್ಡಕ್ಷರದ -ಪಿ. ಹೆಸರು ಗೊತ್ತಾಗದಿದ್ದರೆ, ಗಿಟ್ ಆ ಕಮಾಂಡನ್ನು ದೊಡ್ಡಕ್ಷರದ -ಜಿ ಆಯ್ಕೆಯೊಂದಿಗೆ ಒಮ್ಮೆ ಓಡಿಸಿ ನೋಡುತ್ತದೆ. ಓಪನ್‌ಎಸ್‌ಎಸ್‌ಎಚ್‌ಗೆ ಆ ಆಯ್ಕೆ ಗೊತ್ತು. ಕಮಾಂಡ್ ದೋಷ ಕೊಟ್ಟು ಮುಗಿದರೆ, ಇದು ಸಿಂಪಲ್ ಜಾತಿ ಅಂತ ಗಿಟ್ ತೀರ್ಮಾನಿಸುತ್ತದೆ. ಆಮೇಲೆ ಪೋರ್ಟ್ ಕೊಡಲು ಒಪ್ಪುವುದಿಲ್ಲ.

ನಿಮ್ಮ ಕಮಾಂಡ್ ಒಳಗೆ ಇರುವುದು ಓಪನ್‌ಎಸ್‌ಎಸ್‌ಎಚ್ ಅಂತ ಖಾತ್ರಿ ಇದ್ದರೆ ಹೇಳಿಬಿಡಿ:

    ಗಿಟ್ ಕಾನ್ಫಿಗ್ ಎಸ್‌ಎಸ್‌ಎಚ್.ವೇರಿಯಂಟ್ ಎಸ್‌ಎಸ್‌ಎಚ್

ಹಂತ 7: ಸ್ವಂತ ಸ್ಕ್ರಿಪ್ಟ್ ಕೊಟ್ಟಿದ್ದರೆ

ಎಸ್‌ಎಸ್‌ಎಚ್ ಬದಲು ಚಿಕ್ಕದೊಂದು ಶೆಲ್ ಸ್ಕ್ರಿಪ್ಟ್ ಬರೆದು ಅದನ್ನು ಕೊಡುವವರು ಇದ್ದಾರೆ. ಒಳ್ಳೆಯ ಉಪಾಯವೇ. ಆದರೆ ಗಿಟ್ ಕೊಡುವ ಎಲ್ಲ ವಾದಗಳನ್ನೂ (ಆರ್ಗ್ಯುಮೆಂಟ್‌ಗಳನ್ನೂ) ಇದ್ದ ಹಾಗೆ ಮುಂದಕ್ಕೆ ದಾಟಿಸಬೇಕು. ಕೊನೆಯ ಸಾಲು ಹೀಗಿರಲಿ:

    ಎಕ್ಸೆಕ್ ಎಸ್‌ಎಸ್‌ಎಚ್ -ಐ /ಪೂರ್ತಿ/ದಾರಿ/ಕೀ "$@"

ಕೊನೆಯ ಆ ಗುರುತಿನ ಸುತ್ತ ಡಬಲ್ ಕೋಟ್ ಇರಲೇಬೇಕು. ಅದಿಲ್ಲದಿದ್ದರೆ ಖಾಲಿ ಜಾಗ ಇರುವ ವಾದಗಳು ಒಡೆದುಹೋಗುತ್ತವೆ. ಸ್ಕ್ರಿಪ್ಟ್‌ಗೆ ಓಡುವ ಅನುಮತಿ ಇರಲಿ, ಮೊದಲ ಸಾಲಿನಲ್ಲಿ ಯಾವ ಶೆಲ್ ಅಂತ ಬರೆದಿರಲಿ.

ಇನ್ನೊಂದು ಕಟ್ಟುನಿಟ್ಟಾದ ನಿಯಮ ಇದೆ. ಸ್ಕ್ರಿಪ್ಟ್ ಒಳಗೆ ಎಕೋ ಹಾಕಿ "ಇಲ್ಲಿಗೆ ಬಂತು" ಅಂತ ಮುದ್ರಿಸಬೇಡಿ. ಎಸ್‌ಎಸ್‌ಎಚ್‌ನ ಔಟ್‌ಪುಟ್ ದಾರಿಯಲ್ಲಿ ಗಿಟ್ ಮತ್ತು ಸರ್ವರ್ ಮಾತಾಡುತ್ತವೆ. ಅವು ಕಳಿಸುವ ಪ್ರತಿ ತುಣುಕಿನ ಮೊದಲ ನಾಲ್ಕು ಅಕ್ಷರ ಆ ತುಣುಕಿನ ಉದ್ದವನ್ನು ಹೇಳುತ್ತದೆ. ನಿಮ್ಮ ಎಕೋ ಅಲ್ಲಿ ನುಸುಳಿದರೆ, ಅದರ ಮೊದಲ ನಾಲ್ಕು ಅಕ್ಷರಗಳನ್ನು ಗಿಟ್ ಉದ್ದ ಅಂತ ಓದಲು ಹೋಗಿ "ಬ್ಯಾಡ್ ಲೈನ್ ಲೆಂತ್ ಕ್ಯಾರೆಕ್ಟರ್" ಅಂತ ನಿಲ್ಲುತ್ತದೆ. ಆ ದೋಷದ ಪಕ್ಕದಲ್ಲೇ ಆ ನಾಲ್ಕು ಅಕ್ಷರ ಇರುತ್ತವೆ. ಅವನ್ನು ಓದಿದರೆ ಯಾವ ಎಕೋ ಅಂತ ಗೊತ್ತಾಗುತ್ತದೆ. ನಿಮ್ಮ ಸ್ಕ್ರಿಪ್ಟ್‌ನಲ್ಲಿ ಅಂಥದ್ದು ಇಲ್ಲದಿದ್ದರೆ, ಸರ್ವರ್ ಕಡೆಯ ಶೆಲ್ ಆರಂಭದ ಫೈಲ್ ಏನೋ ಮುದ್ರಿಸುತ್ತಿದೆ. ಮುದ್ರಿಸಲೇಬೇಕಾದರೆ ದೋಷಗಳ ದಾರಿಗೆ, ಅಂದರೆ ಎಸ್‌ಟಿಡಿಎರರ್‌ಗೆ ಕಳಿಸಿ. -ವಿ ಸಾಲುಗಳು ತೊಂದರೆ ಮಾಡದಿರುವುದು ಅವು ಆ ದಾರಿಯಲ್ಲಿ ಬರುವುದರಿಂದಲೇ.

ವಿಂಡೋಸ್‌ನಲ್ಲಿ ಎರಡು ಎಸ್‌ಎಸ್‌ಎಚ್

ಗಿಟ್ ಫಾರ್ ವಿಂಡೋಸ್ ತನ್ನದೇ ಎಸ್‌ಎಸ್‌ಎಚ್ ತರುತ್ತದೆ. ವಿಂಡೋಸ್‌ಗೂ ತನ್ನದೊಂದು ಇದೆ, ಸಿಸ್ಟಮ್32 ಒಳಗಿನ ಓಪನ್‌ಎಸ್‌ಎಸ್‌ಎಚ್ ಫೋಲ್ಡರ್‌ನಲ್ಲಿ. ಪವರ್‌ಶೆಲ್‌ನಲ್ಲಿ ಏಜೆಂಟ್‌ಗೆ ಕೀ ಸೇರಿಸಿದ್ದೀರಿ, ಅಲ್ಲಿ ಎಸ್‌ಎಸ್‌ಎಚ್ ಚೆನ್ನಾಗಿ ಓಡುತ್ತದೆ, ಗಿಟ್ ಮಾತ್ರ ಪಾಸ್‌ಫ್ರೇಸ್ (ಕೀಗೆ ಹಾಕಿದ ಪಾಸ್‌ವರ್ಡ್) ಕೇಳುತ್ತದೆ. ಕಾರಣ ಇಷ್ಟೇ: ಗಿಟ್ ಜೊತೆ ಬಂದ ಎಸ್‌ಎಸ್‌ಎಚ್‌ಗೆ ವಿಂಡೋಸ್ ಏಜೆಂಟ್ ಸೇವೆಯ ಪರಿಚಯವಿಲ್ಲ. ಇಲ್ಲಿ ಕೋರ್.ಎಸ್‌ಎಸ್‌ಎಚ್‌ಕಮಾಂಡ್ ತೊಂದರೆಯಲ್ಲ, ಅದೇ ಪರಿಹಾರ:

    ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಎಸ್‌ಎಸ್‌ಎಚ್‌ಕಮಾಂಡ್ "ಸಿ:/ವಿಂಡೋಸ್/ಸಿಸ್ಟಮ್32/ಓಪನ್‌ಎಸ್‌ಎಸ್‌ಎಚ್/ಎಸ್‌ಎಸ್‌ಎಚ್.ಎಕ್ಸೆ"

ಕೈಯಲ್ಲಿ ಓಡುತ್ತದೆ, ಕ್ರಾನ್‌ನಲ್ಲಿ ಓಡುವುದಿಲ್ಲ

ಕ್ರಾನ್ (ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವುದು), ಸಿಐ (ಕೋಡನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ), ಸುಡೊ (ಸಾಮಾನ್ಯವಾಗಿ ರೂಟ್ ಬಳಕೆದಾರನಾಗಿ ಓಡಿಸುವುದು), ಈ ಮೂರರಲ್ಲೂ ಕಥೆ ಒಂದೇ. ನಿಮ್ಮ ಪರಿಸರ ಅಲ್ಲಿ ಇರುವುದಿಲ್ಲ. ಎಕ್ಸ್‌ಪೋರ್ಟ್ ಮಾಡಿದ ವೇರಿಯಬಲ್ ಇಲ್ಲ, ಏಜೆಂಟ್ ಇಲ್ಲ, ಹೋಮ್ ಫೋಲ್ಡರ್ ಬೇರೆಯದಾಗಿರಬಹುದು. ಸುಡೊ ಹಾಕಿ ಗಿಟ್ ಓಡಿಸಿದರೆ ರೂಟ್‌ನ ಕೀಗಳನ್ನು ಹುಡುಕುತ್ತದೆ. ಹಾಗಾಗಿ ಇಂಥ ಕಡೆ ಟಿಲ್ಡೆ (~) ಬೇಡ, ಕೀಯ ದಾರಿ ಪೂರ್ತಿಯಾಗಿ ಬರೆಯಿರಿ. ಜೊತೆಗೆ -ಒ ಬ್ಯಾಚ್‌ಮೋಡ್=ಯೆಸ್ ಹಾಕಿ. ಉತ್ತರ ಕೊಡಲು ಯಾರೂ ಇಲ್ಲದ ಕಡೆ ಪಾಸ್‌ಫ್ರೇಸ್ ಕೇಳಿ ಗಂಟೆಗಟ್ಟಲೆ ಕಾಯುವ ಬದಲು, ಕೂಡಲೇ ದೋಷ ಕೊಟ್ಟು ಮುಗಿಸುತ್ತದೆ.

ಹೋಸ್ಟ್ ಕೀ ಅಂದರೆ ಸರ್ವರ್‌ನ ಗುರುತಿನ ಕೀ. "ಹೋಸ್ಟ್ ಕೀ ವೆರಿಫಿಕೇಶನ್ ಫೇಲ್ಡ್" ಅಂತ ಬಂದಾಗ ಸ್ಟ್ರಿಕ್ಟ್‌ಹೋಸ್ಟ್‌ಕೀಚೆಕಿಂಗ್=ನೋ ಅಂತ ಹಾಕಿ ಕೈತೊಳೆದುಕೊಳ್ಳುವುದು ಎಲ್ಲೆಡೆ ಸಿಗುವ ಸಲಹೆ. ದಯವಿಟ್ಟು ಅದನ್ನು ಮಾಡಬೇಡಿ. ಎದುರಿಗಿರುವುದು ನಿಜವಾದ ಸರ್ವರೋ, ನಡುವೆ ಕೂತ ಬೇರೊಬ್ಬರೋ ಅಂತ ತಿಳಿಯುವ ಬಾಗಿಲನ್ನೇ ಅದು ತೆಗೆದುಹಾಕುತ್ತದೆ. ಸರ್ವರ್‌ನವರು ಪ್ರಕಟಿಸಿದ ಹೋಸ್ಟ್ ಕೀಯನ್ನು ನೋನ್_ಹೋಸ್ಟ್ಸ್ ಫೈಲಿಗೆ ಮೊದಲೇ ಸೇರಿಸುವುದು ಸರಿಯಾದ ದಾರಿ. ಅದು ಆಗದಿದ್ದರೆ ಆಕ್ಸೆಪ್ಟ್-ನ್ಯೂ ಎನ್ನುವ ಬೆಲೆ ಇದೆ, ಓಪನ್‌ಎಸ್‌ಎಸ್‌ಎಚ್ 7.6ರಿಂದ. ಅದು ಹೊಸ ಸರ್ವರನ್ನು ಒಪ್ಪುತ್ತದೆ, ಕೀ ಬದಲಾದ ಹಳೆಯ ಸರ್ವರನ್ನು ಒಪ್ಪುವುದಿಲ್ಲ. ಕೀ ಬದಲಾಗುವುದು ನಿಜಕ್ಕೂ ನಡೆಯುತ್ತದೆ. 2023ರ ಮಾರ್ಚ್‌ನಲ್ಲಿ ಗಿಟ್‌ಹಬ್ ತನ್ನ ಆರ್‌ಎಸ್‌ಎ ಹೋಸ್ಟ್ ಕೀ ಬದಲಿಸಿತು. ಅಂಥ ಹೊತ್ತಿನಲ್ಲಿ ಅವರ ಅಧಿಕೃತ ಪುಟದ ಬೆರಳಚ್ಚಿಗೆ ಹೋಲಿಸಿ, ಆಮೇಲೆ ಹಳೆಯ ಸಾಲು ಅಳಿಸಿ.

ಸಬ್‌ಮಾಡ್ಯೂಲ್, ಕ್ಲೋನ್, ಬೇರೆ ಟೂಲ್‌ಗಳು

ಸಬ್‌ಮಾಡ್ಯೂಲ್‌ಗೆ (ರೆಪೊ ಒಳಗೆ ಸೇರಿಸಿದ ಇನ್ನೊಂದು ರೆಪೊಗೆ) ತನ್ನದೇ ಕಾನ್ಫಿಗ್ ಇದೆ. ಮುಖ್ಯ ರೆಪೊದಲ್ಲಿ ಬರೆದದ್ದು ಅಲ್ಲಿಗೆ ಹೋಗುವುದಿಲ್ಲ. ಪರಿಸರ ವೇರಿಯಬಲ್ ಮಾತ್ರ ಹೋಗುತ್ತದೆ.

ಕ್ಲೋನ್ ಮಾಡುವಾಗ (ಸರ್ವರ್‌ನ ರೆಪೊದ ಪ್ರತಿಯನ್ನು ಇಳಿಸಿಕೊಳ್ಳುವಾಗ) ನಿಮ್ಮ ಕಡೆ ರೆಪೊ ಇನ್ನೂ ಹುಟ್ಟಿರುವುದಿಲ್ಲ, ಸೆಟ್ಟಿಂಗ್ ಎಲ್ಲಿ ಬರೆಯುವುದು? ಗಿಟ್ ಕ್ಲೋನ್ -ಸಿ ಕೋರ್.ಎಸ್‌ಎಸ್‌ಎಚ್‌ಕಮಾಂಡ್="..." ಅಂತ ಕೊಡಿ. -ಸಿ ಕ್ಲೋನ್ ಪದದ ನಂತರ ಬಂದರೆ ಸೆಟ್ಟಿಂಗ್ ಹೊಸ ರೆಪೊದಲ್ಲಿ ಉಳಿಯುತ್ತದೆ. ಗಿಟ್ ಪದದ ನಂತರ, ಕ್ಲೋನ್ ಪದಕ್ಕಿಂತ ಮೊದಲು ಬಂದರೆ ಆ ಒಂದು ಸಲಕ್ಕೆ ಮಾತ್ರ. "ಕ್ಲೋನ್ ಆಯಿತು, ಪುಲ್ ಆಗುತ್ತಿಲ್ಲ" ಎನ್ನುವ ದೂರಿನ ಹಿಂದೆ ಈ ಜಾಗ ಬದಲಾವಣೆಯೇ ಇರುವುದು ಉಂಟು.

ಕೆಲವು ಟೂಲ್‌ಗಳು ಗಿಟ್ ಕಮಾಂಡನ್ನು ಓಡಿಸುವುದೇ ಇಲ್ಲ, ತಮ್ಮೊಳಗಿನ ಲೈಬ್ರರಿಯಿಂದ ಕೆಲಸ ಮಾಡುತ್ತವೆ. ರಸ್ಟ್ ಭಾಷೆಯ ಕಾರ್ಗೊ ಅಂಥದ್ದು. ಅದರ ಕಾನ್ಫಿಗ್‌ನಲ್ಲಿ ನೆಟ್ ಭಾಗದ ಗಿಟ್-ಫೆಚ್-ವಿತ್-ಸಿಎಲ್‌ಐ ಅನ್ನು ಟ್ರೂ ಮಾಡಿದರೆ ನಿಮ್ಮ ಗಿಟ್ ಸೆಟ್ಟಿಂಗ್ ಅಲ್ಲೂ ನಡೆಯುತ್ತದೆ.

ಫೋಲ್ಡರ್ ನೋಡಿ ಕೀ ಆರಿಸುವ ಸೆಟ್ಟಿಂಗ್

ಪ್ರತಿ ರೆಪೊದಲ್ಲೂ ಬರೆಯುವ ಬದಲು ಇನ್‌ಕ್ಲೂಡ್‌ಇಫ್ ಬಳಸಬಹುದು. "ಈ ಫೋಲ್ಡರ್ ಕೆಳಗಿನ ರೆಪೊಗಳಿಗೆಲ್ಲ ಈ ಕಾನ್ಫಿಗ್" ಅಂತ. ಇದು 2017ರ ಗಿಟ್ 2.13ರಿಂದ ಇದೆ. ಹತ್ತಾರು ರೆಪೊ ಇರುವವರಿಗೆ ಇದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆದರೆ ಮೂರು ಕಡೆ ಎಡವುತ್ತಾರೆ. ಇನ್‌ಕ್ಲೂಡ್‌ಇಫ್‌ನಲ್ಲಿ ಫೋಲ್ಡರ್ ಹೇಳುವ ಗಿಟ್‌ಡಿರ್ ದಾರಿಯ ಕೊನೆಗೆ ಸ್ಲ್ಯಾಶ್ ಬೇಕು, ಇಲ್ಲದಿದ್ದರೆ ಒಳಗಿನ ರೆಪೊಗಳಿಗೆ ಅನ್ವಯಿಸುವುದಿಲ್ಲ. ಪರೀಕ್ಷಿಸುವಾಗ ರೆಪೊ ಒಳಗೇ ನಿಂತಿರಬೇಕು, ಹೊರಗಿನ ಫೋಲ್ಡರ್‌ನಲ್ಲಿ ನಿಂತು ಕೇಳಿದರೆ ಏನೂ ಕಾಣುವುದಿಲ್ಲ. ಮೂರನೆಯದು ಕ್ರಮ. ಗ್ಲೋಬಲ್ ಫೈಲಿನಲ್ಲಿ ಇನ್‌ಕ್ಲೂಡ್‌ಇಫ್ ಮೇಲಿದ್ದು, ಕೆಳಗೆ ಇನ್ನೊಂದು ಎಸ್‌ಎಸ್‌ಎಚ್‌ಕಮಾಂಡ್ ಸಾಲಿದ್ದರೆ ಕೆಳಗಿನದೇ ಗೆಲ್ಲುತ್ತದೆ. ಇನ್‌ಕ್ಲೂಡ್‌ಇಫ್ ಅನ್ನು ಫೈಲಿನ ಕೊನೆಗೆ ಇಡಿ.

ಸರಿಹೋದ ಮೇಲೆ

ಹುಡುಕುವಾಗ ಹಾಕಿದ್ದನ್ನೆಲ್ಲ ತೆಗೆಯಿರಿ. -ವಿ ಉಳಿದರೆ ಪ್ರತಿ ಫೆಚ್‌ಗೂ ಪರದೆ ತುಂಬುತ್ತದೆ. -ಎಫ್ /ಡೆವ್/ನಲ್ ಉಳಿದರೆ ಮುಂದೊಂದು ದಿನ ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಬರೆದ ಪ್ರಾಕ್ಸಿ ಈ ರೆಪೊಗೆ ಮಾತ್ರ ನಡೆಯದೆ ಕಾಡುತ್ತದೆ. ಬೇರೆ ಬೇರೆ ಕಡೆ ಬರೆದ ಬೆಲೆಗಳನ್ನು --ಅನ್‌ಸೆಟ್-ಆಲ್ ಕೊಟ್ಟು ಅಳಿಸಿ, ಒಂದನ್ನು ಮಾತ್ರ ಉಳಿಸಿ.

ಈ ಸೆಟ್ಟಿಂಗ್‌ನಲ್ಲಿ ಬರೆದ ಯಾವ ಕಮಾಂಡ್ ಆದರೂ ನಿಮ್ಮ ಹೆಸರಿನಲ್ಲಿ ಓಡುತ್ತದೆ ಎನ್ನುವುದೂ ನೆನಪಿರಲಿ. ಕ್ಲೋನ್ ಮಾಡಿದಾಗ ಬೇರೆಯವರ ಕಾನ್ಫಿಗ್ ನಿಮಗೆ ಬರುವುದಿಲ್ಲ. ಆದರೆ ಯಾರೋ ಇಡೀ ರೆಪೊವನ್ನು ಜಿಪ್ ಮಾಡಿ ಕಳಿಸಿದರೆ, ಒಳಗಿನ .ಗಿಟ್ ಫೋಲ್ಡರ್ ಜೊತೆ ಅವರ ಕಾನ್ಫಿಗ್ ಕೂಡ ಬರುತ್ತದೆ. ಅದನ್ನು ಬಿಚ್ಚಿದ ಮೇಲೆ ಗಿಟ್ ಮುಟ್ಟುವ ಮೊದಲು .ಗಿಟ್ ಒಳಗಿನ ಕಾನ್ಫಿಗ್ ಫೈಲನ್ನು ಎಡಿಟರ್‌ನಲ್ಲಿ ತೆರೆದು ಒಮ್ಮೆ ಓದಿ.